ಪೇತ್ರ ಕಾಲು ಹಿಂದಕ್ಕೆ ಎಳ್ಕೊಂಡಿದ್ದು ಎಂತಕ್ಕೆ?

ಯೇಸುಸ್ವಾಮಿ ಕೊನೇ ಊಟದ ರಾತ್ರಿ ತಮ್ಮ ಹನ್ನೆರಡು ಶಿಷ್ಯರ ಕಾಲು ತೊಳೆದಿದ್ದನ್ನ ನೆನೆಯೋ ಪವಿತ್ರ ಗುರುವಾರ ಹತ್ರ ಬಂತು ಅಂದ್ರೆ ನಮ್ಮ ಕಾರವಾರ ಕಡೆ ಚರ್ಚುಗಳಲ್ಲಿ ವಾರ್ಡಿನ ಮುಖಂಡರಿಗೆ ಒಂದು ಕೆಲ್ಸ ಜಾಸ್ತಿ, ಕಾಲು ತೊಳಿಸ್ಕೊಳ್ಳೋಕೆ ಹನ್ನೆರಡು ಜನರನ್ನ ಹುಡುಕೋದು. ಬೇರೆ ಯಾವ ಕೆಲ್ಸಕ್ಕೂ ಜನ ಸಾಲಲ್ಲ ಅಂತಿಲ್ಲ. ಹಬ್ಬದ ಊಟಕ್ಕೆ ಈರುಳ್ಳಿ ಹೆಚ್ಚೋಕೆ ಬನ್ನಿ ಅಂದ್ರೆ ಇಪ್ಪತ್ತು ಹೆಂಗಸ್ರು ಈಳಿಗೆಮಣೆ ಹಿಡ್ಕೊಂಡೇ ಬರ್ತಾರೆ, ಪೆಂಡಾಲ್ ಹಾಕೋಕೆ ಹುಡುಗ್ರು ಬರ್ತಾರೆ, ಹಾಸಿಗೆ ಹಿಡಿದವರ ಮನೆಗೆ ಪರಮ ಪ್ರಸಾದ ತಗೊಂಡು ಹೋಗುವಾಗ ಫಾದರ್ ಜೊತೆ ನಡ್ಕೊಂಡು ಹೋಗೋಕೂ ಜನ ಇದ್ದಾರೆ. ಆದ್ರೆ ಪೀಠದ ಮುಂದೆ ಕುರ್ಚಿ ಮೇಲೆ ಕೂತು ಒಂದು ಕಾಲು ಮುಂದೆ ಚಾಚಿ ಅಂದ್ರೆ ಸಾಕು, ಎಲ್ರೂ ಹಿಂದಕ್ಕೆ ಸರೀತಾರೆ. ಬೇಡ ಮಾರಾಯ್ರೆ, ನಾನು ಅಷ್ಟು ದೊಡ್ಡ ಮನುಷ್ಯ ಅಲ್ಲ, ಯಾರಾದ್ರೂ ಹಿರಿಯರನ್ನ ಕೇಳಿ, ನನ್ನ ಕಾಲು ನೋಡೋ ಹಾಗಿಲ್ಲ, ಹೀಗೆ ಒಬ್ಬೊಬ್ಬರದ್ದು ಒಂದೊಂದು.

ಇದನ್ನ ನಾವು ವಿನಯ ಅಂತ ಅಂದ್ಕೊಳ್ತೇವೆ. ನನಗೆ ಮಾತ್ರ ಬೈಬಲ್ಲಿನಲ್ಲಿ ಯೇಸುಸ್ವಾಮಿಯ ಜೀವನ ಹೇಳೋ ನಾಲ್ಕು ಶುಭಸಂದೇಶಗಳಲ್ಲಿ ಒಂದಾದ ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯ ಓದ್ತಾ ಓದ್ತಾ ಅನ್ನಿಸಿದ್ದು ಬೇರೆ. ಸೇವೆ ಮಾಡೋದು ಕಲಿಯೋದಕ್ಕಿಂತ ಸೇವೆ ಮಾಡಿಸ್ಕೊಳ್ಳೋದು ಕಲಿಯೋದು ಕಷ್ಟ, ಮತ್ತೆ ಬೈಬಲ್ಲಿನಲ್ಲಿ ದೊಡ್ಡ ಸೇವೆ ಮಾಡಿದ ಪ್ರತಿಯೊಬ್ಬರೂ ಎಲ್ಲೋ ಒಂದು ಕಡೆ ಇನ್ನೊಬ್ಬರ ಕೈಗೆ ತಮ್ಮನ್ನ ಒಪ್ಪಿಸ್ಕೊಂಡವರೇ.

ಕಾಲು ತೊಳೆಯೋ ಕಥೆ ನಾಲ್ಕು ಶುಭಸಂದೇಶದಲ್ಲಿ ಯೊವಾನ್ನ ಒಬ್ಬನೇ ಬರ್ದಿದ್ದು. ಆ ಕಾಲದಲ್ಲಿ ಧೂಳಿನ ದಾರಿಯಲ್ಲಿ ಚಪ್ಪಲಿ ಹಾಕ್ಕೊಂಡು ನಡ್ದು ಬಂದವರಿಗೆ ಮನೆ ಬಾಗಿಲಲ್ಲೇ ಕಾಲಿಗೆ ನೀರು ಕೊಡೋದು ಪದ್ಧತಿ. ಅಬ್ರಹಾಮ ಮರದ ಕೆಳಗೆ ಬಂದ ಮೂವರಿಗೆ ಮೊದ್ಲು ಹೇಳಿದ್ದೇ ಅದು, ಸ್ವಲ್ಪ ನೀರು ತರಿಸ್ತೇನೆ, ಕಾಲು ತೊಳ್ಕೊಂಡು ಕೂತ್ಕೊಳ್ಳಿ ಅಂತ. ನಮ್ಮ ಶಿರಸಿ ಸಿದ್ದಾಪುರ ಕಡೆ ಹಳೇ ಮನೆಗಳಿಗೆ ಹೋದ್ರೆ ಇವತ್ತಿಗೂ ಜಗಲಿ ಹತ್ತೋ ಮುಂಚೆ ಒಂದು ತಂಬಿಗೆ ನೀರು ಕೊಟ್ಟು, ಆಮೇಲೆ ಆಸ್ರಿಗೆ ಎಂತ ಬೇಕು ಅಂತ ಕೇಳ್ತಾರೆ, ಹಾಗಾಗಿ ನಮಗೆ ಇದನ್ನ ವಿವರಿಸ್ಬೇಕಾಗಿಲ್ಲ. ನೀರು ಕೊಡೋದು ಮನೆಯವರು, ಆದ್ರೆ ಬಗ್ಗಿ ಕೈಯಾರೆ ತೊಳಿಯೋ ಕೆಲ್ಸ ಆಳುಗಳದ್ದು. ಆ ರಾತ್ರಿ ಮೇಲ್ಮನೆಯಲ್ಲಿ ಆಳು ಯಾರೂ ಇರಲಿಲ್ಲ ಅಂತ ಕಾಣ್ತದೆ. ಹನ್ನೆರಡು ಜನರೂ ಹಾಗೇ ಬಂದು ಊಟಕ್ಕೆ ಕೂತಿದ್ದಾರೆ. ಊಟದ ಮಧ್ಯೆ ಯೇಸುಸ್ವಾಮಿ ಎದ್ದಿದ್ದು, ಶುರುವಿಗೆ ಅಲ್ಲ, ಇದನ್ನ ನಾನು ತುಂಬ ವರ್ಷ ಗಮನಿಸಿರಲೇ ಇಲ್ಲ. ಅಂದ್ರೆ ಊಟ ಶುರುವಾದ್ರೂ ಯಾರೊಬ್ಬನೂ ಎದ್ದು ಆ ಬೋಗುಣಿ ಮುಟ್ಟಿಲ್ಲ. ಅದೇ ಊಟದಲ್ಲಿ ನಮ್ಮೊಳಗೆ ಯಾರು ದೊಡ್ಡವರು ಅಂತ ಶಿಷ್ಯರ ಮಧ್ಯೆ ಮಾತಿಗೆ ಮಾತು ಬೆಳೀತು ಅಂತ ಲೂಕ ಬರ್ದಿದ್ದಾನೆ. ಎರಡೂ ಸೇರಿಸಿ ಓದಿದ್ರೆ ಆ ಕೋಣೆ ಕಣ್ಣಿಗೆ ಕಟ್ತದೆ. ಮಾತು ಜೋರಾಗಿದೆ, ಕಾಲು ಕೊಳಕಾಗಿಯೇ ಇದೆ, ಗುರು ಎದ್ದು ಮೇಲುಡುಪು ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಕಟ್ಕೊಂಡು, ನೀರು ಹೊಯ್ತಿದ್ದಾನೆ.

ಗುರುವನ್ನ ಶತ್ರುಗಳಿಗೆ ಹಿಡಿದುಕೊಡಲಿದ್ದ ಶಿಷ್ಯ ಯೂದನ ಕಾಲೂ ತೊಳೆದ. ಇದು ಮುಖ್ಯ, ಎಂತಕ್ಕೆ ಅಂದ್ರೆ ಯೂದ ಎದ್ದು ಹೊರಗೆ ಹೋಗಿದ್ದು ಆಮೇಲೆ, ರೊಟ್ಟಿ ತುತ್ತು ತಗೊಂಡ ಮೇಲೆ. ಆ ಕಾಲು ಸ್ವಲ್ಪ ಹೊತ್ತಲ್ಲಿ ಎಲ್ಲಿಗೆ ಹೋಗ್ತದೆ ಅಂತ ಗೊತ್ತಿದ್ದೂ ತೊಳೆದ, ಒರೆಸಿದ. ನಮಗೆ ಆಗದವರ ಮನೆ ಅಂಗಳ ತುಳಿಯೋಕೆ ನಾವು ಎಷ್ಟು ಯೋಚ್ನೆ ಮಾಡ್ತೇವೆ, ಚುನಾವಣೆಯಲ್ಲಿ ಬೇರೆ ಪಾರ್ಟಿ ಅಂತ, ಜಾಗದ ಗಡಿ ಕೇಸ್ ಅಂತ, ಮದುವೆಗೆ ಕರೆದಿಲ್ಲ ಅಂತ. ಅದನ್ನ ಬರೀತಾ ಹೋದ್ರೆ ಬೇರೆ ಲೇಖನವೇ ಆಗ್ತದೆ, ಬಿಡಿ.

ಶಿಷ್ಯರಲ್ಲಿ ಮುಂದಾಳಾದ ಪೇತ್ರನ ವಿಷ್ಯಕ್ಕೆ ಬರ್ತೇನೆ. ಬೇರೆಯವರು ಸುಮ್ನೆ ಕಾಲು ಕೊಟ್ಟಿರ್ಬೇಕು, ಇವನು ಕೇಳ್ದ, ಸ್ವಾಮಿ ನೀವು ನನ್ನ ಕಾಲು ತೊಳಿಯೋದಾ? ನಾನು ಮಾಡ್ತಿರೋದು ನಿನಗೆ ಈಗ ತಿಳಿಯಲ್ಲ, ಮುಂದೆ ತಿಳೀತದೆ ಅಂದ್ರು. ಅದಕ್ಕೂ ಒಪ್ಪದೆ ಎಂದಿಗೂ ಬೇಡ ಅಂದ. ಹೊರಗಿಂದ ನೋಡಿದ್ರೆ ಎಷ್ಟು ಭಕ್ತಿ! ಆದ್ರೆ ಯೇಸುಸ್ವಾಮಿ ಅದನ್ನ ಮೆಚ್ಕೊಳ್ಳಲಿಲ್ಲ. ನಾನು ತೊಳಿಯದಿದ್ರೆ ನನ್ನ ಜೊತೆ ನಿನಗೆ ಪಾಲಿಲ್ಲ ಅಂತ ನೇರವಾಗಿ ಹೇಳಿದ್ರು. ನಮ್ಮ ಕಡೆ ರಂಪಣಿ ಬಲೆ ಎಳೆದ ದಿನ ದಡದಲ್ಲಿ ಮೀನು ಹಂಚುವಾಗ ನಿನಗೆ ಪಾಲಿಲ್ಲ ಅಂತ ಯಾರಿಗಾದ್ರೂ ಹೇಳಿದ್ರೆ ಅವನಿಗೆ ಹೇಗಾಗ್ತದೋ ಗೆಲಿಲೇಯದ ಆ ಮೀನುಗಾರನಿಗೂ ಹಾಗೇ ಆಗಿರ್ಬೇಕು, ತಕ್ಷಣ ಹೆದ್ರಿ, ಹಾಗಾದ್ರೆ ಕಾಲು ಮಾತ್ರ ಅಲ್ಲ, ಕೈ, ತಲೆ ಎಲ್ಲಾ ತೊಳೀರಿ ಅಂದ.

ಪೇತ್ರನಿಗೆ ಗುರುವಿಗಾಗಿ ಏನು ಬೇಕಾದ್ರೂ ಮಾಡೋಕೆ ಮನಸ್ಸಿತ್ತು. ಅದೇ ರಾತ್ರಿ ನಿಮಗಾಗಿ ಪ್ರಾಣ ಕೊಡ್ತೇನೆ ಅಂತಾನೆ, ತೋಟದಲ್ಲಿ ಕತ್ತಿ ಎಳೀತಾನೆ. ಕೊಡೋದು ಅವನಿಗೆ ಸುಲಭ. ಕೂತ್ಕೊಂಡು ತಗೊಳ್ಳೋದು ಆಗಲಿಲ್ಲ. ಕೊಡುವಾಗ ನಾವು ಸ್ವಲ್ಪ ಎತ್ತರದಲ್ಲಿ ಇರ್ತೇವೆ, ನಮಗೆ ಗೊತ್ತಾಗದೆ. ತಗೊಳ್ಳುವಾಗ ನಮ್ಮ ಒಡೆದ ಹಿಮ್ಮಡಿ, ನಮ್ಮ ವಾಸನೆ, ನಮ್ಮ ಬಡತನ ಇನ್ನೊಬ್ಬರ ಕೈಗೆ ಸಿಗ್ತದೆ. ಅದಕ್ಕೇ ಗುರುವಾರದ ಪೂಜೆಗೆ ಬರೋ ಮುಂಚೆ ಆ ಹನ್ನೆರಡು ಜನರೂ ಮನೆಯಲ್ಲೇ ಕಾಲು ಉಜ್ಜಿ ಉಜ್ಜಿ ತೊಳ್ಕೊಂಡು ಬರ್ತಾರೆ, ನೋಡಿದ್ದೀರಲ್ವಾ?

ಈ ವಿಧಿಯನ್ನ ಗುರುವಾರ ಸಂಜೆಯ ಪೂಜೆಯ ಒಳಗೇ ಸೇರಿಸಿದ್ದು ಹನ್ನೆರಡನೇ ಪಿಯುಸ್ ಪೋಪ್ ಕಾಲದಲ್ಲಿ, 1955ರ ಸುಧಾರಣೆಯಲ್ಲಿ. ನಿಯಮದ ಪ್ರಕಾರ ಗಂಡಸರದ್ದು ಮಾತ್ರ ಅಂತ ಇತ್ತು. 2013ರಲ್ಲಿ ಪೋಪ್ ಫ್ರಾನ್ಸಿಸ್ ಆಯ್ಕೆಯಾದ ಕೆಲವೇ ದಿನಕ್ಕೆ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಅಲ್ಲಿದ್ದ ಹುಡುಗ ಹುಡುಗಿಯರ ಕಾಲು ತೊಳೆದ್ರು, ಅವರಲ್ಲಿ ಮುಸ್ಲಿಮರೂ ಇದ್ರು. 2016ರಲ್ಲಿ ನಿಯಮವೇ ಬದಲಾಯ್ತು, ಹೆಂಗಸರೂ ಕೂರಬಹುದು ಅಂತ. ಆಮೇಲೆ ಒಂದ್ಸಲ ನಾನು ಹೋಗಿದ್ದ ಪೂಜೆಯಲ್ಲಿ ಸಾಲಿನ ಕೊನೆಗೆ ಒಬ್ಬರು ಮೀನು ಮಾರೋ ಅಮ್ಮ ಕೂತಿದ್ರು. ಬೆಳಗಾತ ಎದ್ದು ಬೈತಖೋಲ ಬಂದರಕ್ಕೆ ಹೋಗಿ ಮೀನು ಹಿಡ್ಕೊಂಡು ಮಾರ್ಕೆಟ್ಟಲ್ಲಿ ಕೂರೋರು, ಐಸ್ ಕರಗಿದ ನೀರಲ್ಲಿ ಇದ್ದು ಇದ್ದು ಬೆರಳ ಸಂದಿ ಬೆಳ್ಳಗೆ ಬಿಳಿಚಿ ಹೋಗಿತ್ತು, ಹಿಮ್ಮಡಿಯಲ್ಲಿ ಆಳವಾದ ಬಿರುಕು. ಫಾದರ್ ಮಂಡಿಯೂರಿ ಗಿಂಡಿಯಿಂದ ನೀರು ಹೊಯ್ದ ಕೂಡ್ಲೇ ಅವ್ರು ತಡೀಲಾರದೆ ತಾವೇ ಬಗ್ಗಿ ತಮ್ಮ ಕಾಲು ತಿಕ್ಕೋಕೆ ಶುರು ಮಾಡಿದ್ರು. ಫಾದರ್ ಏನೂ ಹೇಳ್ಲಿಲ್ಲ, ಅವರ ಕೈ ಹಿಡಿದು ಹಾಗೇ ಮೆಲ್ಲಗೆ ಅವರ ಮಡಿಲಲ್ಲಿ ಇಟ್ರು, ಇಟ್ಟು ಕಾದ್ರು. ಆ ಅಮ್ಮ ಮುಖ ಒಂದು ಕಡೆ ತಿರುಗಿಸ್ಕೊಂಡು ಕೂತ್ರು, ಸೆರಗಲ್ಲಿ ಕಣ್ಣು ಒರೆಸ್ಕೊಂಡ್ರು, ಕಾಲು ಮಾತ್ರ ಹಿಂದಕ್ಕೆ ಎಳೀಲಿಲ್ಲ. ಪೇತ್ರನ ವಾಕ್ಯ ನನಗೆ ಅರ್ಥ ಆಗಿದ್ದು ಅವರಿಂದ ಅಂತ ಹೇಳೋಕೆ ನನಗೆ ಸಂತೋಷ.

ಇನ್ನೊಂದು ವಿಷ್ಯ ನೋಡಿ. 13ನೇ ಅಧ್ಯಾಯದಲ್ಲಿ ಶಿಷ್ಯರ ಕಾಲು ತೊಳಿಯೋ ಮುಂಚೆ 12ನೇ ಅಧ್ಯಾಯದಲ್ಲಿ ಯೇಸುಸ್ವಾಮಿಯೇ ತಮ್ಮ ಕಾಲು ಇನ್ನೊಬ್ಬರ ಕೈಗೆ ಕೊಟ್ಟಿದ್ದಾರೆ. ಯೆಹೂದ್ಯರ ಪಾಸ್ಕ ಹಬ್ಬಕ್ಕೆ ಆರು ದಿನ ಮುಂಚೆ, ಬೆಥಾನಿಯ ಅನ್ನೋ ಊರಲ್ಲಿ, ಮಾರ್ತ ಊಟ ಬಡಿಸ್ತಿದ್ದಾಳೆ, ಸತ್ತು ಬದುಕಿ ಬಂದ ಲಾಜರ ಪಂಕ್ತಿಯಲ್ಲಿ ಕೂತಿದ್ದಾನೆ, ಮರಿಯ ಅಚ್ಚ ಜಟಾಮಾಂಸಿ ತೈಲ ತಂದು ಅವರ ಪಾದಕ್ಕೆ ಹಚ್ಚಿ ತನ್ನ ತಲೆಕೂದಲಿಂದ ಒರೆಸ್ತಾಳೆ. ಮುನ್ನೂರು ಬೆಳ್ಳಿ ನಾಣ್ಯ ಬಾಳೋ ತೈಲ ಅಂತ ಯೂದ ಲೆಕ್ಕ ಹಾಕ್ದ. ಯೇಸುಸ್ವಾಮಿ ಹೇಳಿದ ದ್ರಾಕ್ಷಿ ತೋಟದ ಸಾಮತಿಯಲ್ಲಿ, ಅಂದ್ರೆ ನೀತಿಕಥೆಯಲ್ಲಿ, ಕೂಲಿಯವನಿಗೆ ದಿನಕ್ಕೆ ಒಂದು ನಾಣ್ಯ, ಹಾಗಾದ್ರೆ ಇದು ಹೆಚ್ಚು ಕಮ್ಮಿ ಒಂದು ವರ್ಷದ ದುಡಿಮೆ. ಬಡವರಿಗೆ ಕೊಡಬಹುದಿತ್ತಲ್ಲ ಅನ್ನೋ ಮಾತು ನ್ಯಾಯವಾಗಿಯೇ ಕೇಳ್ತದೆ. ಯೇಸುಸ್ವಾಮಿ ಮಾತ್ರ ಅವಳನ್ನ ಬಿಡಿ ಅಂದ್ರು, ತಮ್ಮ ಸಮಾಧಿಯ ದಿನಕ್ಕೆ ಅಂತ ತಗೊಂಡ್ರು. ಅಯ್ಯೋ ನನಗೆ ಎಂತಕ್ಕೆ ಇಷ್ಟೆಲ್ಲಾ ಅಂತ ಅನ್ನಲಿಲ್ಲ. ಇದಕ್ಕಿಂತ ಮುಂಚೆ ಧರ್ಮದ ನಿಯಮ ಕಟ್ಟುನಿಟ್ಟಾಗಿ ಪಾಲಿಸೋ ಫರಿಸಾಯರ ಗುಂಪಿನ ಸಿಮೋನನ ಮನೆಯಲ್ಲೂ ಪಾಪಿ ಅಂತ ಊರೆಲ್ಲ ಬೆರಳು ತೋರ್ಸೋ ಒಬ್ಬ ಹೆಂಗಸು ಕಣ್ಣೀರಲ್ಲಿ ಕಾಲು ತೊಳೆದಾಗ ಅವ್ರು ಕಾಲು ಎಳ್ಕೊಳ್ಳಲಿಲ್ಲ, ಬದ್ಲಿಗೆ ಮನೆ ಯಜಮಾನನಿಗೆ ನೀನು ನನ್ನ ಕಾಲಿಗೆ ನೀರೂ ಕೊಡ್ಲಿಲ್ಲ ಅಂತ ನೆನಪು ಮಾಡಿಕೊಟ್ರು. ಆ ಹೆಂಗಸಿಗೆ ಕೊಡೋಕೆ ಇದ್ದಿದ್ದು ಅದೊಂದೇ. ಅದನ್ನ ಬೇಡ ಅಂದಿದ್ರೆ ಅವಳಿಗೆ ಎಷ್ಟು ನೋವಾಗ್ತಿತ್ತು ಅಂತ ಯೋಚ್ನೆ ಮಾಡಿ. ಬಡವರು ಕೊಟ್ಟಿದ್ದನ್ನ ಬೇಡ ಅನ್ನೋದು ಎಷ್ಟೋ ಸಲ ಅವರಿಗೆ ನಾವು ಮಾಡೋ ಅವಮಾನ. ಅವರ ಮನೆಯ ಕರಿ ಚಾ, ಅವರ ಹರಿದ ಚಾಪೆ, ಅವರು ಕೈಯಲ್ಲಿ ತುರುಕೋ ಎರಡು ಬಂಗಡೆ, ತಗೊಳ್ಳಬೇಕು.

ಸೇವೆ ಅಂದಾಗ ನನಗೆ ತುಂಬ ಇಷ್ಟವಾದವಳು ತಬಿಥಾ. ದೊರ್ಕಾ ಅಂತಲೂ ಕರೀತಾರೆ, ಬೈಬಲ್ಲಿನ ಪ್ರೇಷಿತರ ಕಾರ್ಯಕಲಾಪಗಳು ಅನ್ನೋ ಪುಸ್ತಕದ 9ನೇ ಅಧ್ಯಾಯದಲ್ಲಿ ಬರ್ತಾಳೆ. ಯೊಪ್ಪ ಅನ್ನೋ ಊರು, ನಮ್ಮ ಹಾಗೇ ಸಮುದ್ರ ದಂಡೆ. ಇಡೀ ಕಥೆಯಲ್ಲಿ ಅವಳು ಒಂದು ಮಾತೂ ಆಡಲ್ಲ. ಕಾಯಿಲೆ ಬಿದ್ದು ಸತ್ತೋಗ್ತಾಳೆ, ಪೇತ್ರನಿಗೆ ಹೇಳಿ ಕಳಿಸ್ತಾರೆ, ಅವನು ಬಂದು ಮೇಲಿನ ಕೋಣೆಗೆ ಹತ್ತಿದ್ರೆ ವಿಧವೆಯರೆಲ್ಲ ಅಳ್ತಾ ನಿಂತು ತಬಿಥಾ ಹೊಲಿದು ಕೊಟ್ಟ ಅಂಗಿ, ಉಡುಪು ಒಂದೊಂದೇ ತೋರಿಸ್ತಾರೆ. ಯಾವ ದಾನಪತ್ರ ಇಲ್ಲ, ಗೋಡೆ ಮೇಲೆ ಹೆಸರು ಕೆತ್ತಿದ ಕಲ್ಲಿಲ್ಲ, ಸೂಜಿ ದಾರದ ಕೆಲ್ಸ ಅಷ್ಟೇ, ಅದನ್ನ ಹಾಕ್ಕೊಂಡವರೇ ಅವಳ ಸಾಕ್ಷಿ. ಆದ್ರೆ ಅಲ್ಲಿ ಒಂದು ಸಣ್ಣ ವಾಕ್ಯ ಇದೆ, ಪೇತ್ರ ಬರೋ ಮುಂಚೆ ಅವಳ ಮೈ ತೊಳೆದು ಮೇಲಿನ ಕೋಣೆಯಲ್ಲಿ ಮಲಗಿಸಿದ್ರು ಅಂತ. ತೊಳೆದವರು ಯಾರು ಅಂತ ಬರ್ದಿಲ್ಲ, ನನಗಂತೂ ಆ ವಿಧವೆಯರೇ ಅನ್ನಿಸ್ತದೆ. ಪೇತ್ರ ಪ್ರಾರ್ಥನೆ ಮಾಡಿ ಕರೆದಾಗ ಅವಳಿಗೆ ಜೀವ ಬರ್ತದೆ, ಎದ್ದು ಕೂತ ಮೇಲೆ ಅವಳು ಪೇತ್ರ ಚಾಚಿದ ಕೈ ಹಿಡ್ಕೊಂಡು ಎದ್ದು ನಿಲ್ತಾಳೆ. ಕಾಲು ಮುಟ್ಟಬೇಡಿ ಅಂದಿದ್ದ ಅದೇ ಪೇತ್ರ ಈಗ ಇನ್ನೊಬ್ಬರನ್ನ ಕೈ ಹಿಡಿದು ಎಬ್ಬಿಸ್ತಿದ್ದಾನೆ.

ಅವನು ಕಲ್ತಿದ್ದು ಹೇಗೆ? ಯೊವಾನ್ನನ ಕೊನೇ ಅಧ್ಯಾಯ ಓದ್ಬೇಕು. ಈ ಅಧ್ಯಾಯ ಕರಾವಳಿಯವರಿಗೆ ಬರ್ದ ಹಾಗಿದೆ ಅಂತ ನಾನು ಯಾವಾಗ್ಲೂ ಹೇಳ್ತೇನೆ. ರಾತ್ರಿಯಿಡೀ ಬಲೆ ಹಾಕಿ ಒಂದು ಮೀನೂ ಸಿಕ್ಕಿಲ್ಲ, ಬೆಳಗಾಗ್ತಾ ದಡದಲ್ಲಿ ಯಾರೋ ನಿಂತು ದೋಣಿಯ ಬಲಕ್ಕೆ ಹಾಕಿ ಅಂತಾರೆ, ಬಲೆ ಎಳೆಯೋಕಾಗದಷ್ಟು ಮೀನು, ಎಣಿಸಿದ್ರೆ 153 ದೊಡ್ಡ ಮೀನು, ಬಲೆ ಹರೀಲಿಲ್ಲ. ಪೇತ್ರ ನೀರಿಗೆ ಹಾರಿ ದಡಕ್ಕೆ ಬಂದು ನೋಡಿದ್ರೆ ಕೆಂಡದ ಮೇಲೆ ಮೀನು ಸುಡ್ತಾ ಇದೆ, ರೊಟ್ಟಿ ಇದೆ. ಮರಣ ಗೆದ್ದು ಎದ್ದು ಬಂದ ಸ್ವಾಮಿ ಒಲೆ ಹಚ್ಚಿ ಶಿಷ್ಯರಿಗೆ ಬೆಳಗಿನ ಊಟಕ್ಕೆ ಮೀನು ಸುಡ್ತಾ ಕೂತಿದ್ದಾರೆ ಅಂದ್ರೆ ಅದಕ್ಕಿಂತ ದೊಡ್ಡ ಸೇವೆಯ ಪಾಠ ಎಲ್ಲಿದೆ? ಪೇತ್ರ ಇದಕ್ಕೆ ಮುಂಚೆ ಕೆಂಡದ ಮುಂದೆ ನಿಂತಿದ್ದು ಮಹಾಯಾಜಕನ ಅಂಗಳದಲ್ಲಿ, ಯೇಸುಸ್ವಾಮಿಯನ್ನ ಬಂಧಿಸಿದ ರಾತ್ರಿ, ಮೈ ಕಾಯಿಸ್ಕೊಳ್ತಾ ಅವರು ಯಾರೋ ನನಗೆ ಗೊತ್ತಿಲ್ಲ ಅಂತ ಮೂರು ಸಲ ಹೇಳಿದಾಗ. ಈಗ ಅದೇ ಥರ ಕೆಂಡದ ಮುಂದೆ ಕೂರಿಸಿ ಊಟ ಹಾಕ್ತಿದ್ದಾರೆ. ಈ ಸಲ ಪೇತ್ರ ಬೇಡ ಅನ್ನಲಿಲ್ಲ, ಕೂತು ಉಂಡ.

ಅಲ್ಲೂ ಒಂದು ಮಾತಿದೆ, ಕೆಂಡದ ಮೇಲೆ ಮೀನು ಆಗ್ಲೇ ಇದ್ರೂ ಯೇಸುಸ್ವಾಮಿ ನೀವು ಈಗ ಹಿಡಿದ ಮೀನಲ್ಲಿ ಕೆಲವು ತನ್ನಿ ಅಂತಾರೆ. ಅವರಿಗೆ ಬೇಕಾಗಿರಲಿಲ್ಲ. ಆದ್ರೂ ಕೇಳಿದ್ರು.

ಊಟ ಆದ ಮೇಲೆ ಮೂರು ಸಲ ನನ್ನನ್ನ ಪ್ರೀತಿಸ್ತೀಯಾ ಅಂತ ಕೇಳಿ ನನ್ನ ಕುರಿಗಳನ್ನ ಮೇಯಿಸು ಅಂತ ಕೆಲ್ಸ ಒಪ್ಪಿಸ್ತಾರೆ, ಆಮೇಲೆ ಹೇಳೋ ಮಾತು ನನ್ನನ್ನ ಬಿಡದೆ ಕಾಡ್ತದೆ. ಪ್ರಾಯದಲ್ಲಿ ನಿನ್ನ ನಡು ನೀನೇ ಕಟ್ಕೊಂಡು ಬೇಕಾದಲ್ಲಿ ಓಡಾಡಿದೆ, ಮುದುಕ ಆದಾಗ ಕೈ ಚಾಚ್ತೀಯ, ಇನ್ನೊಬ್ಬ ನಿನ್ನ ನಡು ಕಟ್ಟಿ ನಿನಗೆ ಇಷ್ಟವಿಲ್ಲದ ಕಡೆ ಕರ್ಕೊಂಡು ಹೋಗ್ತಾನೆ ಅಂತ. ಇದು ಪೇತ್ರನ ಮರಣದ ಬಗ್ಗೆ ಹೇಳಿದ್ದು ಅಂತ ಯೊವಾನ್ನನೇ ಬರೀತಾನೆ. ಆದ್ರೆ ಹಾಸಿಗೆ ಹಿಡಿದ ಹಿರಿಯರು ಇರೋ ಮನೆಯವರು ಈ ವಾಕ್ಯ ಓದಿದ್ರೆ ಬೇರೆ ಥರ ಕೇಳ್ತದೆ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಮಕ್ಕಳು ಗೋವಾದಲ್ಲಿ, ಮುಂಬೈಯಲ್ಲಿ, ಗಲ್ಫಲ್ಲಿ, ಇಲ್ಲಿ ಒಬ್ಬರೋ ಇಬ್ಬರೋ ವಯಸ್ಸಾದವರು.

ನಮ್ಮ ದೊಡ್ಡಮ್ಮ ಜೀವನ ಪೂರ್ತಿ ವಾಡ್ಯದ ಬಾಣಂತಿಯರಿಗೆ ನೀರು ಹಾಕಿದವರು. ಹಂಡೆ ನೀರು, ಎಣ್ಣೆ, ಕಾಲು ಚಾಚಿ ಕೂತು ಮಗುವನ್ನ ಕಾಲ ಮೇಲೆ ಮಲಗಿಸ್ಕೊಂಡು ಮೀಯಿಸೋದು, ಒಂದು ರೂಪಾಯಿ ತಗೊಂಡಿದ್ದಿಲ್ಲ, ಜಾತಿ ಧರ್ಮ ಕೇಳಿದ್ದಿಲ್ಲ. ಕೊನೆಗೆ ಅವರಿಗೇ ಕೈಕಾಲು ಆಡದ ಹಾಗೆ ಆದಾಗ ಪಕ್ಕದ ಮನೆ ಹುಡುಗಿ ಮೀಯಿಸೋಕೆ ಬಂದ್ರೆ ಬಾಗಿಲು ಹಾಕು, ಹೋಗು, ನನ್ನಿಂದ ನಿನಗೆ ಎಂತಕ್ಕೆ ತೊಂದ್ರೆ ಅಂತ ಅಳೋರು. ಆ ಹುಡುಗಿ ಹುಟ್ಟಿದಾಗ ನೀರು ಹಾಕಿದ್ದು ಇವರೇ. ಅವಳು ಜಗಳ ಮಾಡ್ಲಿಲ್ಲ, ಮೊದ್ಲು ತಲೆಗೆ ಎಣ್ಣೆ ಮಾತ್ರ ಹಚ್ಚೋಳು, ಆಮೇಲೆ ಕೈ ಮಾತ್ರ ಒರೆಸೋಳು, ಹೀಗೆ ಸ್ವಲ್ಪ ಸ್ವಲ್ಪವಾಗಿ. ಕೊನೆ ಕೊನೆಗೆ ದೊಡ್ಡಮ್ಮನೇ ನೀರು ಇನ್ನೂ ಬಿಸಿ ಬೇಕು, ಬೆನ್ನು ಸರಿ ಉಜ್ಜು ಅಂತ ಗಟ್ಟಿಯಾಗಿ ಹೇಳೋಕೆ ಶುರು ಮಾಡಿದ್ರು. ಆ ದಿನಗಳಲ್ಲೇ ಅವರ ಮುಖದಲ್ಲಿ ಒಂದು ನೆಮ್ಮದಿ ಬಂದಿದ್ದು, ನಾವೆಲ್ಲ ನೋಡಿದ್ದೇವೆ. ಅವರು ಮಾಡಿದ ಅಷ್ಟೂ ವರ್ಷದ ಸೇವೆಗಿಂತ ಈ ಒಪ್ಪಿಸ್ಕೊಳ್ಳೋದು ದೊಡ್ಡದು ಅಂತ ನಾನು ನಂಬ್ತೇನೆ.

2025ರ ಪವಿತ್ರ ಗುರುವಾರ ಪೋಪ್ ಫ್ರಾನ್ಸಿಸ್ ಆರೋಗ್ಯ ಪೂರ್ತಿ ಕೆಟ್ಟಿದ್ರೂ ರೋಮಿನ ರೆಜಿನಾ ಚೇಲಿ ಜೈಲಿಗೆ ಹೋಗಿದ್ರು. ಈ ವರ್ಷ ನನ್ನಿಂದ ಕಾಲು ತೊಳಿಯೋಕೆ ಆಗ್ತಿಲ್ಲ, ಆದ್ರೂ ನಿಮ್ಮ ಹತ್ರ ಇರಬೇಕು ಅನ್ನಿಸ್ತು ಅನ್ನೋ ಅರ್ಥದ ಮಾತು ಕೈದಿಗಳಿಗೆ ಹೇಳಿದ್ರು, ವೀಲ್‌ಚೇರಲ್ಲಿ ಕೂತು, ಇನ್ನೊಬ್ಬರು ತಳ್ತಿದ್ರು. ಈಸ್ಟರ್ ಮರುದಿನ ಸೋಮವಾರ ತೀರಿಕೊಂಡ್ರು. ತೊಳೆಯೋಕೆ ಆಗದ ಗುರುವಾರವೂ ಗುರುವಾರವೇ ಅಂತ ಅವತ್ತು ಅನ್ನಿಸ್ತು ನನಗೆ.

ನೋವಲ್ಲಿರೋರ ಹತ್ರ ಹೋಗಿ ಇರೋದು ಚಂದಾವರದ ಹಬ್ಬಕ್ಕೆ ಹೋಗೋರಿಗೂ ಹೊಸದಲ್ಲ. ಡಿಸೆಂಬರ್ 3ಕ್ಕೆ ಕುಮಟಾ ಹೊನ್ನಾವರ ಕಡೆಯಿಂದ ಎಲ್ಲಾ ಧರ್ಮದವರು ಅಲ್ಲಿಗೆ ಬಂದು ಸಂತ ಫ್ರಾನ್ಸಿಸ್ ಝೇವಿಯರ್ ಮುಂದೆ ಮೊಂಬತ್ತಿ ಹಚ್ತಾರೆ. ಆ ಸಂತ ಹುಟ್ಟಿದ್ದು ನವಾರೆಯ ದೊಡ್ಡ ಮನೆತನದಲ್ಲಿ, 1542ರ ಮೇ ತಿಂಗಳಲ್ಲಿ ಗೋವಾಕ್ಕೆ ಬಂದಿಳಿದಾಗ ಉಳ್ಕೊಳ್ಳೋಕೆ ಆರಿಸ್ಕೊಂಡಿದ್ದು ಆಸ್ಪತ್ರೆ, ರೋಗಿಗಳ ಪಕ್ಕದಲ್ಲೇ.

ಕೊನೆಗೆ ಫೆಬೆ ಬಗ್ಗೆ ಹೇಳದೆ ನನಗೆ ಮುಗಿಸೋಕೆ ಮನಸ್ಸಿಲ್ಲ. ಪೂಜೆಯಲ್ಲಿ ಅವಳ ಹೆಸರು ಕೇಳೋದು ಕಮ್ಮಿ. ಕೊರಿಂಥದ ಬಂದರು ಕೆಂಕ್ರೆಯ, ಅಲ್ಲಿಯ ಕ್ರೈಸ್ತ ಸಭೆಯ ಸೇವಕಿ, ಪ್ರೇಷಿತ ಪೌಲ ರೋಮನರಿಗೆ ಬರ್ದ ಪತ್ರದ 16ನೇ ಅಧ್ಯಾಯ ಶುರುವಾಗೋದೇ ಅವಳ ಹೆಸರಿಂದ, ಆ ಪತ್ರವನ್ನ ರೋಮಿಗೆ ತಲುಪಿಸಿದವಳೂ ಅವಳೇ ಇರಬೇಕು ಅಂತ ಪಂಡಿತರು ಹೇಳ್ತಾರೆ. ಪೌಲ ಅವಳ ಬಗ್ಗೆ ಎರಡೇ ವಾಕ್ಯ ಬರೀತಾನೆ, ಅವಳು ಎಷ್ಟೋ ಜನರಿಗೆ, ನನಗೂ ಸಹಾಯ ಮಾಡಿದ್ದಾಳೆ, ಹಾಗಾಗಿ ಅವಳಿಗೆ ನಿಮ್ಮಿಂದ ಏನು ಬೇಕೋ ಅದನ್ನ ಕೊಟ್ಟು ಸಹಾಯ ಮಾಡಿ ಅಂತ. ಅವಳನ್ನ ಹೊಗಳಿ ಸುಮ್ನಾಗಲಿಲ್ಲ. ಅವಳಿಗೆ ಏನು ಬೇಕು ಕೇಳಿ ಅಂದ.

ನಮ್ಮ ವಾರ್ಡಿನ ಮೀಟಿಂಗಲ್ಲಿ ಈ ಎರಡು ವಾಕ್ಯ ಓದಿದ ಮೇಲೆ ಸ್ವಲ್ಪ ಹೊತ್ತು ಚರ್ಚೆ ಆಯ್ತು. ಚರ್ಚಿನ ನೆಲ ಒರೆಸೋ ಅಕ್ಕ, ಘಂಟೆ ಹೊಡೆಯೋ ಅಣ್ಣ, ಮಳೆಗಾಲದಲ್ಲೂ ರೋಗಿಗಳ ಮನೆ ಮನೆಗೆ ಹೋಗೋ ಸಿಸ್ಟರು, ಹಬ್ಬದ ಅಡುಗೆಯಲ್ಲಿ ಯಾವತ್ತೂ ಕೊನೇ ಪಂಕ್ತಿಗೆ ಕೂರೋ ಹೆಂಗಸ್ರು, ಇವರಿಗೆ ಏನು ಬೇಕು ಅಂತ ಯಾರೂ ಕೇಳಿರಲಿಲ್ಲ. ಈಗ ಒಬ್ಬೊಬ್ಬರನ್ನ ಕೇಳ್ತಾ ಇದ್ದೇವೆ. ಹೆಚ್ಚಿನವರು ಏನೂ ಬೇಡ ಅಂತಲೇ ಶುರು ಮಾಡ್ತಾರೆ, ಪೇತ್ರನ ಹಾಗೇ, ಅದಕ್ಕೆ ಎರಡನೇ ಸಲ, ಮೂರನೇ ಸಲ ಹೋಗ್ಬೇಕಾಗ್ತದೆ. ನೆಲ ಒರೆಸೋ ಅಕ್ಕ ಮೊನ್ನೆ ಕೊನೆಗೂ ಬಾಯಿ ಬಿಟ್ರು, ಮೊಣಕಾಲು ನೋವಿಗೆ ಡಾಕ್ಟರ್ ಹತ್ರ ಹೋಗ್ಬೇಕು, ಒಬ್ಬಳೇ ಹೋಗೋಕೆ ಹೆದ್ರಿಕೆ ಅಂತ. ಬರೋ ವಾರ ಇಬ್ಬರು ಜೊತೆಗೆ ಹೋಗ್ತಿದ್ದಾರೆ, ಅವತ್ತಿನ ಚರ್ಚ್ ಕ್ಲೀನಿಂಗ್ ಯೂತ್ ಹುಡುಗ್ರು ಒಪ್ಕೊಂಡಿದ್ದಾರೆ.